ಹೆಗ್ಗುರುತುಗಳ ಎದುರಿನ ಬಯಲು: ಮುಂಬಯಿಯ ಛಾಯಾಚಿತ್ರಗಳ ಚರಿತ್ರೆ

ಒಂದು ಕಟ್ಟಡವು ನಗರದ ಹೆಗ್ಗುರುತಾಗಿ ಜನಮನದಲ್ಲಿ ನೆಲೆಗೊಳ್ಳಬೇಕಾದರೆ ಅದರ ಎತ್ತರ, ಕೆತ್ತನೆ, ವೆಚ್ಚಗಳಷ್ಟೇ ಸಾಲವು. ಅದನ್ನು ಬುಡದಿಂದ ತುದಿಯವರೆಗೆ ಒಂದೇ ನೋಟಕ್ಕೆ ಹಿಡಿಯುವಷ್ಟು ಬಯಲು ಅದರ ಎದುರಿಗೆ ಇರಬೇಕಾಗುತ್ತದೆ. ಮುಂಬಯಿಯ ಛಾಯಾಚಿತ್ರಗಳ ಚರಿತ್ರೆ ಈ ಮಾತಿಗೆ ಉತ್ತಮ ನಿದರ್ಶನವಾಗಿದೆ. ಸುಮಾರು ನೂರೈವತ್ತು ವರ್ಷಗಳಿಂದ ಈ ಕಡಲತೀರದ ನಗರದ ಯಾವ ಕಟ್ಟಡಗಳು ಮತ್ತೆ ಮತ್ತೆ ಚಿತ್ರಗಳಲ್ಲಿ ಕಾಣಿಸಿಕೊಂಡಿವೆ ಎಂಬುದನ್ನು, ಅಲ್ಲಿನ ಮೈದಾನ, ಉದ್ಯಾನ ಹಾಗೂ ಸಮುದ್ರದಂಚುಗಳು ಕ್ಯಾಮೆರಾಕ್ಕೆ ಎಲ್ಲಿ ಜಾಗ ಕೊಟ್ಟವು ಎಂಬುದೇ ಬಹುಮಟ್ಟಿಗೆ ನಿರ್ಧರಿಸಿತು.

ಆ ಬಯಲು ಹುಟ್ಟಿದ್ದು ಸೌಂದರ್ಯದ ಉದ್ದೇಶದಿಂದಲ್ಲ. ಬ್ರಿಟಿಷರ ಬೊಂಬಾಯಿ ಮೊದಲಿಗೆ ಕೋಟೆಗೋಡೆಯೊಳಗಿನ ಇಕ್ಕಟ್ಟಾದ ಊರಾಗಿತ್ತು. ಶತ್ರುವಿಗೆ ಮರೆ ಸಿಗಬಾರದು, ಕೋಟೆಯ ಫಿರಂಗಿಗಳಿಗೆ ಅಡ್ಡಿಯಾಗಬಾರದು ಎಂಬ ಕಾರಣದಿಂದ ಗೋಡೆಯ ಹೊರಗಿನ ನೆಲವನ್ನು ಕಟ್ಟಡಗಳಿಲ್ಲದಂತೆ ತೆರವಾಗಿಡಲಾಗಿತ್ತು. ಎಸ್ಪ್ಲನೇಡ್ ಎಂದು ಕರೆಯಲಾಗುತ್ತಿದ್ದ ಈ ಬಯಲಿನ ಉಳಿದ ತುಂಡುಗಳೇ ಇಂದಿನ ಕೂಪರೇಜ್, ಓವಲ್, ಕ್ರಾಸ್ ಮತ್ತು ಆಜಾದ್ ಮೈದಾನಗಳು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ ಭಾರತದ ಹತ್ತಿಗೆ ಬೆಲೆ ಏರಿದಾಗ ಬೊಂಬಾಯಿಗೆ ಹಣ ಹರಿದುಬಂತು. ಅದೇ ದಶಕದಲ್ಲಿ, 1862ರಿಂದ 1867ರವರೆಗೆ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರ್ ಅವರ ಆಡಳಿತದಲ್ಲಿ ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಮುಂದೆ ಎದ್ದ ಸರ್ಕಾರಿ ಕಟ್ಟಡಗಳ ಸಾಲು ಪಶ್ಚಿಮದ ಕಡಲಿಗೆ ಮುಖಮಾಡಿ ಈ ಬಯಲಿನ ಅಂಚಿನಲ್ಲೇ ನಿಂತಿತು.

ಛಾಯಾಗ್ರಹಣ ಈ ಬದಲಾವಣೆಗಿಂತ ಸ್ವಲ್ಪ ಮುಂಚೆಯೇ ನಗರದಲ್ಲಿ ಬೇರೂರಿತ್ತು. ಪ್ಯಾರಿಸ್ಸಿನಲ್ಲಿ 1839ರಲ್ಲಿ ಬಹಿರಂಗಗೊಂಡ ಡಾಗೆರೊಟೈಪ್ ವಿಧಾನದ, ಅಂದರೆ ಬೆಳ್ಳಿಲೇಪದ ತಗಡಿನ ಮೇಲೆ ಬೆಳಕಿನಿಂದ ಬಿಂಬ ಮೂಡಿಸುವ ಕ್ರಮದ ಸುದ್ದಿ ಅದೇ ವರ್ಷದ ಕೊನೆಗೆ ಬೊಂಬಾಯಿಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಭಾರತದ ಮೊದಲ ಛಾಯಾಗ್ರಹಣ ಸಂಘ 1854ರಲ್ಲಿ ಇಲ್ಲಿಯೇ ಸ್ಥಾಪನೆಯಾಯಿತು. ವೈದ್ಯರೂ ವಿದ್ವಾಂಸರೂ ಆಗಿದ್ದ ಭಾವು ದಾಜಿ ಅದರ ಭಾರತೀಯ ಸದಸ್ಯರಲ್ಲಿ ಒಬ್ಬರು. ಮರುವರ್ಷ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್‌ನಲ್ಲಿ ಛಾಯಾಗ್ರಹಣದ ತರಗತಿ ಆರಂಭವಾಯಿತು. ಹೀಗಾಗಿ ಕೋಟೆ ಕರಗಿ ಹೊಸ ನಗರ ಎದ್ದ ಹೊತ್ತಿಗೆ ಅದನ್ನು ಚಿತ್ರಿಸಬಲ್ಲ ಕೈಗಳು ಆಗಲೇ ಸಿದ್ಧವಾಗಿದ್ದವು.

ಅಂದಿನ ತಂತ್ರವನ್ನು ತಿಳಿಯದೆ ಅಂದಿನ ಚಿತ್ರಗಳನ್ನು ಸರಿಯಾಗಿ ಓದಲಾಗದು. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಫಲಕದ ವಿಧಾನದಲ್ಲಿ, ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಲೇಪ ಒಣಗುವ ಮೊದಲೇ ಬೆಳಕಿಗೊಡ್ಡಿ, ಆ ಕೂಡಲೇ ಕತ್ತಲಲ್ಲಿ ಬಿಂಬವನ್ನು ಮೂಡಿಸಬೇಕಾಗುತ್ತಿತ್ತು. ಕ್ಯಾಮೆರಾ, ಮುಕ್ಕಾಲಿ, ಗಾಜುಗಳು, ರಾಸಾಯನಿಕದ ಸೀಸೆಗಳು, ನೀರು, ಕಪ್ಪು ಬಟ್ಟೆಯ ಡೇರೆ ಇವೆಲ್ಲವನ್ನೂ ಚಿತ್ರ ತೆಗೆಯುವ ಸ್ಥಳಕ್ಕೇ ಹೊತ್ತೊಯ್ಯಬೇಕಿದ್ದುದರಿಂದ ಜನಜಂಗುಳಿಯ ಓಣಿಗಿಂತ ಮೈದಾನ ಎಷ್ಟೋ ಅನುಕೂಲಕರವಾಗಿತ್ತು. ಬೆಳಕಿಗೊಡ್ಡುವ ಅವಧಿ ಹಲವು ಸೆಕೆಂಡುಗಳಷ್ಟು ದೀರ್ಘವಾಗಿದ್ದುದರಿಂದ ನಡೆದಾಡುವ ಜನರೂ ಓಡುವ ಗಾಡಿಗಳೂ ಫಲಕದ ಮೇಲೆ ಮಸುಕಾಗುತ್ತಿದ್ದವು ಇಲ್ಲವೇ ಮಾಯವಾಗುತ್ತಿದ್ದವು. ಹಳೆಯ ಚಿತ್ರಗಳಲ್ಲಿ ಬೊಂಬಾಯಿಯ ಬೀದಿಗಳು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಲೇಪ ನೀಲಿ ಬೆಳಕಿಗೆ ಬಹಳ ಬೇಗ, ಹಸಿರಿಗೆ ಬಹಳ ಮಂದವಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿಯ ಬಿಳುಪಾಗಿ, ತೋಟದ ಗಿಡಮರಗಳು ಕಪ್ಪು ಮುದ್ದೆಗಳಾಗಿ ಮೂಡುತ್ತಿದ್ದವು. ಉದ್ಯಾನಗಳಿಗಿಂತ ಕಲ್ಲಿನ ಕಟ್ಟಡಗಳು ಅಂದಿನ ಕ್ಯಾಮೆರಾಕ್ಕೆ ಹೆಚ್ಚು ಒಗ್ಗಿದ್ದಕ್ಕೆ ಈ ರಾಸಾಯನಿಕ ಕಾರಣವೂ ಇದೆ.

ಸ್ಥಳದ ಚಿತ್ರವನ್ನೂ ವ್ಯಕ್ತಿಯ ಚಿತ್ರವನ್ನೂ ಒಂದೇ ಫಲಕದಲ್ಲಿ ಸ್ಪಷ್ಟವಾಗಿ ಹಿಡಿಯುವುದು ಕಷ್ಟವಾಗಿದ್ದಾಗ ಕೆಲವರು ಉಪಾಯ ಹುಡುಕಿದರು. ವಿಲಿಯಂ ಜಾನ್ಸನ್ ಅವರು ಬೊಂಬಾಯಿಯ ಸಮುದಾಯಗಳನ್ನು ಕುರಿತು 1863 ಮತ್ತು 1866ರಲ್ಲಿ ಹೊರತಂದ ಎರಡು ಸಂಪುಟಗಳಲ್ಲಿ, ಬೇರೆಡೆ ತೆಗೆದ ಜನರ ಚಿತ್ರಗಳನ್ನು ನಗರದ ದೃಶ್ಯಗಳ ಮೇಲೆ ಜೋಡಿಸಿ ಒಂದೇ ಚಿತ್ರವೆಂಬಂತೆ ಅಚ್ಚುಮಾಡಲಾಗಿದೆ. ಸೂಕ್ಷ್ಮವಾಗಿ ನೋಡಿದರೆ ಮನುಷ್ಯರ ಅಂಚು ಕತ್ತರಿಸಿದಂತೆ ಕಾಣುತ್ತದೆ, ಅವರ ಮೇಲೆ ಬಿದ್ದ ಬೆಳಕಿಗೂ ಹಿನ್ನೆಲೆಯ ಬೆಳಕಿಗೂ ಹೊಂದಿಕೆಯಾಗುವುದಿಲ್ಲ. ಆದರೂ ಹೆಗ್ಗುರುತನ್ನು ವ್ಯಕ್ತಿಯ ಹಿನ್ನೆಲೆಯಾಗಿ ಬಳಸುವ, ಮುಂದೆ ಬಹಳ ಜನಪ್ರಿಯವಾದ ರೂಢಿಯ ಆರಂಭದ ರೂಪಗಳಲ್ಲಿ ಇದನ್ನೂ ಎಣಿಸಬಹುದು.

ಇದೇ ಕಾಲದ ಬೊಂಬಾಯಿಯ ಸಂಪತ್ತಿಗೂ ಕನ್ನಡ ನಾಡಿನ ಛಾಯಾಚಿತ್ರಗಳಿಗೂ ನೇರವಾದ ನಂಟಿದೆ. ಹತ್ತಿ ಮತ್ತು ಷೇರು ವ್ಯಾಪಾರದಲ್ಲಿ ಅಪಾರ ಹಣ ಗಳಿಸಿದ ಪ್ರೇಮ್‌ಚಂದ್ ರಾಯ್‌ಚಂದ್ ಅವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ತಮ್ಮ ತಾಯಿಯ ಹೆಸರಿನ ರಾಜಾಬಾಯಿ ಗೋಪುರಕ್ಕೂ ದಾನ ನೀಡಿದವರು; ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬೃಹತ್ ಚಿತ್ರಸಂಪುಟಕ್ಕೂ ಅವರದೇ ಆಶ್ರಯವಿತ್ತು. ಬೊಂಬಾಯಿ ವೈದ್ಯಕೀಯ ಸೇವೆಯ ಡಾ. ಪಿಗೌ, ಎ. ಸಿ. ಬಿ. ನೀಲ್ ಹಾಗೂ ಕರ್ನಲ್ ಬಿಗ್ಸ್ ಅವರ ಚಿತ್ರಗಳಿಗೆ ಮೆಡೋಸ್ ಟೇಲರ್ ಚಾರಿತ್ರಿಕ ವಿವರಣೆಯನ್ನೂ ಜೇಮ್ಸ್ ಫರ್ಗ್ಯುಸನ್ ವಾಸ್ತುಶಿಲ್ಪದ ಟಿಪ್ಪಣಿಗಳನ್ನೂ ಬರೆದರು. ಹೀಗೆ ಬೊಂಬಾಯಿಯ ಹೆಗ್ಗುರುತನ್ನು ಕಟ್ಟಿಸಿದ ಕೊಡುಗೈಯೇ ಕನ್ನಡ ನಾಡಿನ ಗುಡಿಗಳ ಚಿತ್ರಗಳು ಪುಸ್ತಕರೂಪ ತಳೆಯಲು ನೆರವಾಯಿತು.

ಸುಮಾರು 280 ಅಡಿ ಎತ್ತರದ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಪಕ್ಕದ ಹೈಕೋರ್ಟ್ ಕಟ್ಟಡವೂ ಮುಗಿಯಿತು. ಈ ಸಾಲಿನ ಮುಂಭಾಗ ಪಶ್ಚಿಮಾಭಿಮುಖವಾಗಿರುವುದರಿಂದ ಮಧ್ಯಾಹ್ನದ ನಂತರದ ಇಳಿಬಿಸಿಲಿನಲ್ಲಿ ಕಮಾನು, ಕಂಬ, ಕೆತ್ತನೆಗಳು ನೆರಳು ಬೆಳಕುಗಳಿಂದ ಎದ್ದು ಕಾಣುತ್ತವೆ. ಓವಲ್ ಮೈದಾನದ ನಡುವೆ ನಿಂತರೆ ಇಡೀ ಗೋಪುರ ಚೌಕಟ್ಟಿನೊಳಗೆ ಸೇರುತ್ತದೆ. ಗೋಪುರವೂ ಛಾಯಾಗ್ರಾಹಕರಿಗೆ ಎತ್ತರದ ನೆಲೆಯಾಗಿ, ನಗರದ ವಿಶಾಲ ದೃಶ್ಯಗಳನ್ನು ಮೇಲಿನಿಂದ ಹಿಡಿಯಲು ಅನುವು ಮಾಡಿಕೊಟ್ಟಿತು. ಇದಕ್ಕೆ ಹೋಲಿಸಿದರೆ ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸಗೊಳಿಸಿದ, ಕಟ್ಟಲು 1878ರಿಂದ ಹತ್ತು ವರ್ಷ ಹಿಡಿದ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ ಎದುರಿಗೆ ಅಂಥ ಮೈದಾನವಿಲ್ಲ. ಆದ್ದರಿಂದಲೇ ಅದರ ಪ್ರಸಿದ್ಧ ಚಿತ್ರಗಳಲ್ಲಿ ಹೆಚ್ಚಿನವು ರಸ್ತೆಗಳು ಕೂಡುವ ಮೂಲೆಯಿಂದ ಓರೆಯಾಗಿ ತೆಗೆದವುಗಳು.

ಉದ್ಯಾನಗಳಿಗೆ ಕ್ಯಾಮೆರಾ ಹೆಚ್ಚು ಹೆಚ್ಚು ಬರತೊಡಗಿದ್ದು ಉಪಕರಣಗಳು ಹಗುರಾದ ಮೇಲೆ. ಬೈಕುಲ್ಲಾದಲ್ಲಿ 1862ರಲ್ಲಿ ತೆರೆದ, ಜನರು ರಾಣಿಬಾಗ್ ಎಂದು ಕರೆಯುವ ವಿಕ್ಟೋರಿಯಾ ಉದ್ಯಾನ, ಮಲಬಾರ್ ಹಿಲ್‌ನಲ್ಲಿ ನೀರಿನ ಜಲಾಶಯದ ಮೇಲೆ ರೂಪುಗೊಂಡ ಹ್ಯಾಂಗಿಂಗ್ ಗಾರ್ಡನ್ಸ್ ಇವು ವಿಹಾರಕ್ಕೂ ಚಿತ್ರಕ್ಕೂ ಒದಗಿದವು. ಛಾಯಾಗ್ರಾಹಕರಾಗಿದ್ದ ಹರಿಶ್ಚಂದ್ರ ಸಖಾರಾಂ ಭಾಟವಡೇಕರ್ 1899ರಲ್ಲಿ ಒಂದು ಕುಸ್ತಿ ಪಂದ್ಯವನ್ನು ಚಲನಚಿತ್ರವಾಗಿ ಸೆರೆಹಿಡಿದದ್ದು ಈ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿಯೇ. ಸೂರ್ಯನ ಬೆಳಕನ್ನೇ ನೆಚ್ಚಿದ್ದ ಆ ಯಂತ್ರಕ್ಕೆ ತೆರೆದ ತೋಟವೇ ತಕ್ಕ ಜಾಗವಾಗಿತ್ತು. ಮುಂಚಿತವಾಗಿ ತಯಾರಿಸಿಟ್ಟುಕೊಳ್ಳಬಹುದಾದ ಒಣ ಫಲಕಗಳು ಮತ್ತು 1888ರಲ್ಲಿ ಮಾರುಕಟ್ಟೆಗೆ ಬಂದ ಕೊಡಾಕ್ ಕ್ಯಾಮೆರಾ ಡೇರೆಯ ಹಂಗನ್ನು ತಪ್ಪಿಸಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಲಿಫ್ಟನ್ ಮುಂತಾದ ಸಂಸ್ಥೆಗಳು ಅಚ್ಚುಹಾಕಿದ ಚಿತ್ರದ ಅಂಚೆಕಾರ್ಡುಗಳು ಅವೇ ಕೆಲವು ನೋಟಗಳನ್ನು ದೇಶವಿದೇಶಗಳಿಗೆ ಹಂಚಿ ಗಟ್ಟಿಗೊಳಿಸಿದವು.

ಗೇಟ್‌ವೇ ಆಫ್ ಇಂಡಿಯಾ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದೆ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದರ ನೆನಪಿಗೆ, ಜಾರ್ಜ್ ವಿಟೆಟ್ ಅವರ ವಿನ್ಯಾಸದಂತೆ ಹಳದಿ ಬಸಾಲ್ಟ್ ಶಿಲೆಯಲ್ಲಿ ಕಟ್ಟಿದ ಈ ಕಮಾನು 1924ರ ಡಿಸೆಂಬರ್ 4ರಂದು ಉದ್ಘಾಟನೆಗೊಂಡಿತು. ಯೋಜಿಸಿದ್ದ ರಾಜಮಾರ್ಗ ಹಣದ ಕೊರತೆಯಿಂದ ನಿರ್ಮಾಣವಾಗದೆ, ಕಮಾನು ತನ್ನ ಬಳಿಗೆ ಬರುವ ರಸ್ತೆಗೆ ಓರೆಯಾಗಿಯೇ ಉಳಿಯಿತು. ಆದರೆ ಸುತ್ತಲಿನ ವಿಶಾಲ ಅಂಗಳ ಒಂದು ಕಸುಬನ್ನೇ ಸಾಕಿತು. ಅಲ್ಲಿನ ಅಲೆಮಾರಿ ಛಾಯಾಗ್ರಾಹಕರು ಮಾದರಿ ಚಿತ್ರಗಳ ಆಲ್ಬಂ ಹಿಡಿದು ಪ್ರವಾಸಿಗರನ್ನು ಕರೆದು, ಕಮಾನಿನ ತುದಿಯನ್ನು ಬೆರಳಿನಿಂದ ಮುಟ್ಟಿದಂತೆ ಕಾಣುವ ಭಂಗಿಯನ್ನು ಹೇಳಿಕೊಟ್ಟು ಚಿತ್ರ ತೆಗೆಯುತ್ತಾರೆ. ಫಿಲ್ಮಿನ ಕಾಲದಲ್ಲಿ ವಿಳಾಸ ಬರೆದುಕೊಂಡು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿಯಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹೆಗಲಚೀಲದ ಪುಟ್ಟ ಪ್ರಿಂಟರ್ ನಿಂತಲ್ಲೇ ಪ್ರತಿ ಕೊಡುತ್ತದೆ. ಮೊಬೈಲ್ ಫೋನು ಈ ಕಸುಬಿನ ಗಿರಾಕಿಗಳನ್ನು ಬಹಳಷ್ಟು ಕಸಿದುಕೊಂಡಿದೆ.

ಕಡಲನ್ನು ಹಿಂದಕ್ಕೆ ಸರಿಸಿ ಪಡೆದ ನೆಲದ ಮೇಲೆ 1930ರ ದಶಕದಿಂದ ಓವಲ್‌ನ ಪಶ್ಚಿಮಕ್ಕೂ ಮರೀನ್ ಡ್ರೈವ್ ಉದ್ದಕ್ಕೂ ಆರ್ಟ್ ಡೆಕೊ ಶೈಲಿಯ, ಅಂದರೆ ಸರಳ ಜ್ಯಾಮಿತಿಯ ಗೆರೆಗಳೂ ದುಂಡಗಿನ ಬಾಲ್ಕನಿಗಳೂ ಇರುವ ಮನೆಗಳು ಎದ್ದವು. ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಓವಲ್‌ನ ಪೂರ್ವದ ಗಾಥಿಕ್ ಸಾಲನ್ನೂ ಪಶ್ಚಿಮದ ಆರ್ಟ್ ಡೆಕೊ ಕಟ್ಟಡಗಳನ್ನೂ ಒಂದುಗೂಡಿಸಿದ ಸಮುಚ್ಚಯವನ್ನು. ಎರಡು ಶತಮಾನಗಳ ಕಟ್ಟಡಗಳು ಎದುರುಬದುರಾಗಿ ಒಂದನ್ನೊಂದು ನೋಡುವಂತಿರುವುದು ನಡುವಿನ ಮೈದಾನ ಖಾಲಿಯಾಗಿರುವುದರಿಂದಲೇ. ಆದ್ದರಿಂದ ಹೆಗ್ಗುರುತುಗಳ ಸಂರಕ್ಷಣೆ ಎಂದರೆ ಕಲ್ಲುಗೋಡೆಗಳ ದುರಸ್ತಿಯಷ್ಟೇ ಎಂದು ತಿಳಿದರೆ ಅರ್ಧ ಕೆಲಸ ಉಳಿದುಹೋಗುತ್ತದೆ. ಅವುಗಳ ಎದುರಿನ ಬಯಲನ್ನು ಬಯಲಾಗಿಯೇ ಉಳಿಸಿಕೊಳ್ಳುವುದೂ ಅದೇ ಹೊಣೆಯ ಭಾಗ ಎಂಬುದಕ್ಕೆ ಒಂದೂವರೆ ಶತಮಾನದ ಈ ಚಿತ್ರರಾಶಿಯೇ ಸಾಕ್ಷಿ.