ಭಾನುವಾರದ ಪಾಠ ಯಾರು ಹೇಳ್ಬೇಕು? ಮುದಗಲ್‌ನಿಂದ ಬಾಗಲಕೋಟೆವರೆಗೆ ಜ್ಞಾನೋಪದೇಶದ ಕಥೆ

ಇವತ್ತಿನ ಸಂಚಿಕೆ ಒಂದು ಸಣ್ಣ ತರಗತಿಯ ಬಗ್ಗೆ. ಭಾನುವಾರ ಬೆಳಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲೋ, ಮರದ ನೆರಳಲ್ಲೋ ಹತ್ತಿಪ್ಪತ್ತು ಮಕ್ಕಳು ಕೂತಿರ್ತಾರೆ. ಮುಂದೆ ಒಬ್ಬ ಸಿಸ್ಟರ್ ಅಥವಾ ಊರಿನವರೇ ಆದ ಒಬ್ಬ ಟೀಚರ್. ಇದಕ್ಕೆ ಕನ್ನಡ ಕಥೋಲಿಕರು ಧರ್ಮೋಪದೇಶ ಅಂತಾರೆ, ಹಿರಿಯರು ಜ್ಞಾನೋಪದೇಶ ಅಂತಾರೆ, ಮಕ್ಕಳು ಸುಮ್ಮನೆ ಕ್ಯಾಟಿಕಿಸಂ ಅಂತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಕ್ರೈಸ್ತರು ಬಹಳ ಕಮ್ಮಿ. ಜಿಲ್ಲೆಯ ಜನಸಂಖ್ಯೆಯಲ್ಲಿ ಶೇಕಡಾ ಒಂದು ಕೂಡ ಇಲ್ಲ. ಹಾಗಾಗಿ ಇಲ್ಲಿ ಈ ತರಗತಿ ನಿಂತರೆ ಅದರ ಜೊತೆ ಒಂದು ನೆನಪೂ ನಿಲ್ತದೆ. ಈ ಪಾಠ ಇಲ್ಲಿವರೆಗೆ ಹೇಗೆ ಬಂತು, ಯಾರು ಹೊತ್ತು ತಂದ್ರು ಅನ್ನೋದೇ ಇವತ್ತಿನ ಕಥೆ.

ಇಳಕಲ್‌ನಿಂದಲೇ ಶುರು ಮಾಡೋಣ. ಇಳಕಲ್ ಅಂದ್ರೆ ನಮಗೆ ಸೀರೆ ನೆನಪಾಗ್ತದೆ, ಟೋಪ ತೆನಿ ಸೆರಗು ನೆನಪಾಗ್ತದೆ. ಅಲ್ಲಿಂದ ಪೂರ್ವಕ್ಕೆ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೀರಿ. 40 ಕಿಲೋಮೀಟರ್ ಕೂಡ ಆಗೋದಿಲ್ಲ, ಮುದಗಲ್ ಸಿಗ್ತದೆ. ಈಗ ಅದು ರಾಯಚೂರು ಜಿಲ್ಲೆಯ ಊರು. ಕೋಟೆಗೆ ಹೆಸರುವಾಸಿ, ಮೊಹರಮ್‌ಗೆ ಇನ್ನೂ ಹೆಸರುವಾಸಿ. ಅಲ್ಲಿ ಕಥೋಲಿಕರ ಒಂದು ಹಳೆಯ ಸಮುದಾಯವೂ ಇದೆ. ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ಬರೆಯೋ ಪ್ರಕಾರ, ಇವರ ಪೂರ್ವಜರು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಕಡೆಯ ಒಬ್ಬ ಮಿಷನರಿಯ ಮೂಲಕ ಕ್ರೈಸ್ತರಾದವರು. ಅಲ್ಲಿನ ಚರ್ಚು 1557ಕ್ಕೂ ಮೊದಲಿನದು.

ಆ ಕಾಲ ಎಂಥದ್ದು ಅಂತ ನೋಡ್ರಿ. ರಾಯಚೂರು ದೋಆಬ್‌ಗಾಗಿ ವಿಜಯನಗರಕ್ಕೂ ವಿಜಯಪುರಕ್ಕೂ ಕಾದಾಟ ನಡೀತಾನೇ ಇತ್ತು. ಕೃಷ್ಣಾ ದಂಡೆಯ ರಕ್ಕಸತಂಗಡಗಿ ಕದನ ಆಗಿದ್ದು 1565ರಲ್ಲಿ. ಇಂಥ ಗಡಿ ಊರಲ್ಲಿ ಕ್ರೈಸ್ತ ಮಕ್ಕಳಿಗೆ ಪಾಠ ಹೇಳ್ಬೇಕು ಅಂದ್ರೆ ಅವನ ಬೆನ್ನಿಗೆ ಪೋರ್ಚುಗೀಸ್ ದಂಡು ಇರಲಿಲ್ಲ, ಸರ್ಕಾರ ಇರಲಿಲ್ಲ. ಈ ಮಾತು ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ.

ಈಗ ಪಾಠದ ರೀತಿಗೆ ಬರೋಣ. ಕ್ಸೇವಿಯರ್ ಗೋವಾಕ್ಕೆ ಬಂದದ್ದು 1542ರ ಮೇ ತಿಂಗಳಲ್ಲಿ. ಅವರ ಬಗ್ಗೆ ಎಲ್ಲರೂ ಹೇಳೋ ಒಂದು ಸಂಗತಿ ಅಂದ್ರೆ ಗಂಟೆ. ಕೈಯಲ್ಲಿ ಗಂಟೆ ಹಿಡಿದು ಬಾರಿಸ್ತಾ ಬೀದಿ ಬೀದಿ ತಿರುಗಿ ಮಕ್ಕಳನ್ನ ಕರೀತಿದ್ರು. ಮಕ್ಕಳು ಗುಂಪು ಕೂಡಿದ ಮೇಲೆ ಪ್ರಾರ್ಥನೆಗಳನ್ನ ರಾಗ ಮಾಡಿ ಹೇಳಿಸ್ತಿದ್ರು. ಮಕ್ಕಳು ಮನೆಗೆ ಹೋಗಿ ಅದನ್ನೇ ಹಾಡಿದ್ರೆ ದೊಡ್ಡವರಿಗೂ ಪಾಠ ಆದಂಗೆ ಅಂತ ಲೆಕ್ಕ. ಪುಸ್ತಕ ಇಲ್ಲದ, ಅಕ್ಷರ ಬಾರದ ಊರಲ್ಲಿ ಇದು ಜಾಣ ದಾರಿ.

ಅದೇ ಹೊತ್ತಿಗೆ ಯುರೋಪಿನಲ್ಲಿ ಟ್ರೆಂಟ್ ಮಹಾಸಭೆ ನಡೀತಿತ್ತು, 1545ರಿಂದ 1563ರವರೆಗೆ. ಪ್ರತಿ ಧರ್ಮಕೇಂದ್ರದಲ್ಲೂ ಭಾನುವಾರ ಮತ್ತು ಹಬ್ಬದ ದಿನ ಮಕ್ಕಳಿಗೆ ಧರ್ಮದ ಮೂಲಪಾಠ ಹೇಳಲೇಬೇಕು ಅಂತ ಅದು ಕಟ್ಟಪ್ಪಣೆ ಮಾಡ್ತು. ಮುಂದೆ 1566ರಲ್ಲಿ ಗುರುಗಳ ಕೈಪಿಡಿಯಾಗಿ ರೋಮನ್ ಕ್ಯಾಟಿಕಿಸಂ ಬಂತು. ಅದರಲ್ಲಿ ನಾಲ್ಕು ಭಾಗ: ಏನನ್ನ ನಂಬಬೇಕು, ಏಳು ಸಂಸ್ಕಾರಗಳು, ಹತ್ತು ಕಟ್ಟಳೆಗಳು, ಪ್ರಭು ಕಲಿಸಿದ ಪ್ರಾರ್ಥನೆ. 1992ರಲ್ಲಿ ಬಂದ ಹೊಸ ಕ್ಯಾಟಿಕಿಸಂ ಕೂಡ ಇದೇ ನಾಲ್ಕು ಕಂಬಗಳ ಮೇಲೆ ನಿಂತಿದೆ. ಇವತ್ತು ಭಾನುವಾರದ ತರಗತಿಯಲ್ಲಿ ಮಕ್ಕಳು ಕಲಿಯೋದೂ ಹೆಚ್ಚುಕಮ್ಮಿ ಇದನ್ನೇ.

ಆದರೆ ಪಾಠ ಯಾವ ಭಾಷೆಯಲ್ಲಿ? ಅಸಲಿ ಜಗಳ ಇಲ್ಲೇ ಇರೋದು.

ಥಾಮಸ್ ಸ್ಟೀಫನ್ಸ್ ಅಂತ ಒಬ್ಬ ಇಂಗ್ಲಿಷ್ ಜೆಸ್ವಿಟ್ ಗುರು 1579ರಲ್ಲಿ ಗೋವಾಕ್ಕೆ ಬಂದ್ರು. ಅವರು ಬರೆದ ಕೊಂಕಣಿ ಕ್ಯಾಟಿಕಿಸಂ ಅವರು ತೀರಿಕೊಂಡ ಮೇಲೆ, 1622ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯ್ತು. ಕೊಂಕಣಿಯಲ್ಲಿ ಅಚ್ಚಾದ ಮೊದಲ ಪುಸ್ತಕ ಅಂತ ಅದಕ್ಕೆ ಹೆಸರು. ಮಕ್ಕಳಿಗೆ ಕಲಿಸಲು ಸಂವಾದದ ರೂಪದಲ್ಲಿ ಮಾಡಿದ್ದು ಅಂತ ಶೀರ್ಷಿಕೆಯಲ್ಲೇ ಬರೆದಿದೆ. ಅಂದ್ರೆ ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. 400 ವರ್ಷದ ಹಿಂದೆಯೇ ಒಬ್ಬ ಹೊರಗಿನವನು ಮಗುವಿನ ಮಾತಲ್ಲಿ ಪುಸ್ತಕ ಮಾಡಿದ್ದ.

ಅದೇ ಗೋವಾದ ಇನ್ನೊಂದು ಮುಖ ಕಹಿ. ತಂದೆ-ತಾಯಿ ಇಲ್ಲದ ಹಿಂದೂ ಮಕ್ಕಳನ್ನ ತೆಗೆದುಕೊಂಡು ಕ್ರೈಸ್ತರಾಗಿ ಬೆಳೆಸಬೇಕು ಅಂತ 1559ರಲ್ಲಿ ಪೋರ್ಚುಗಲ್‌ನಿಂದ ಆಜ್ಞೆ ಬಂತು. 1560ರಲ್ಲಿ ಇನ್‌ಕ್ವಿಜಿಷನ್ ಶುರುವಾಯ್ತು, ಪೂರ್ತಿ ನಿಂತಿದ್ದು 1812ರಲ್ಲಿ. 1684ರಲ್ಲಿ ವೈಸ್‌ರಾಯ್, ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು ಅಂತ ಹುಕುಂ ಹೊರಡಿಸಿದ. ಮಕ್ಕಳ ಧರ್ಮಪಾಠದ ಇತಿಹಾಸ ಹೇಳೋವಾಗ ಇದನ್ನ ಮುಚ್ಚಿಟ್ಟರೆ ಅದು ಇತಿಹಾಸ ಆಗೋದಿಲ್ಲ.

ಈಗ ಮುದಗಲ್‌ಗೆ ವಾಪಸ್ ಬರ್ರಿ. ಇಲ್ಲಿ ಆಳಿದವರು ಆದಿಲಶಾಹಿಗಳು, ಆಮೇಲೆ ಮೊಗಲರು, ಕಡೆಗೆ ನಿಜಾಮರು. ಪಾಠಕ್ಕೆ ಬಾ ಅಂತ ಮಗುವನ್ನ ಎಳ್ಕೊಂಡು ಬರೋ ಹುಕುಂ ಇಲ್ಲಿ ಯಾರ ಕೈಲೂ ಇರಲಿಲ್ಲ. ಉಪದೇಶಿಯ ಹತ್ತಿರ ಇದ್ದದ್ದು ನಾಲಿಗೆ ಒಂದೇ. ಅವನ ಮಾತು ಮಗುವಿಗೆ ತಿಳಿದ್ರೆ ಪಾಠ ಉಳೀತದೆ, ತಿಳೀದಿದ್ರೆ ಇಲ್ಲ. ಈ ಸಮುದಾಯ ಇವತ್ತಿಗೂ ಅಲ್ಲಿ ಇದೆ. ಹುಕುಂ ಇಲ್ಲದೆಯೂ ಪಾಠ ಉಳೀತದೆ ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕನ್ನಡದಲ್ಲಿ ಈ ಕೆಲಸ ಮನಸ್ಸಿಟ್ಟು ಮಾಡಿದವರಲ್ಲಿ ಮೊದಲಿಗರು ಲಿಯೊನಾರ್ದೊ ಚಿನ್ನಾಮಿ ಅನ್ನೋ ಇಟಲಿಯ ಜೆಸ್ವಿಟ್. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರು ಮಾಡಿದ್ರು. ಕನ್ನಡ ಕಲಿತು, ಕನ್ನಡದಲ್ಲೇ ಕ್ಯಾಟಿಕಿಸಂ ಬರೆದ್ರು, ವ್ಯಾಕರಣವನ್ನೂ ಬರೆದ್ರು. ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯ ಇರಬಾರದು. ಕೂಡಲಸಂಗಮ ಇರೋದು ಹುನಗುಂದ ತಾಲ್ಲೂಕಿನಲ್ಲೇ. ದೇವರ ಮಾತನ್ನ ಸಂಸ್ಕೃತದಿಂದ ಇಳಿಸಿ ಅಡುಗೆಮನೆಯ, ಹೊಲದ, ಕಾಯಕದ ಕನ್ನಡಕ್ಕೆ ತಂದ ವಚನಕಾರರ ನೆಲ ಇದು. ಈ ನೆಲದಲ್ಲಿ ಮಗುವಿಗೆ ತಿಳಿಯದ ಭಾಷೆಯ ದೇವರು ಬಹಳ ದಿನ ಬಾಳೋದು ಕಷ್ಟ.

ಮುಂದೆ ದೊಡ್ಡ ಹೊಡೆತ ಬಿತ್ತು. 1759ರಲ್ಲಿ ಪೋರ್ಚುಗಲ್ ತನ್ನ ಸೀಮೆಯಿಂದ ಜೆಸ್ವಿಟ್‌ರನ್ನ ಹೊರಹಾಕ್ತು. 1773ರಲ್ಲಿ ಪೋಪ್ ಆ ಸಂಘವನ್ನೇ ರದ್ದು ಮಾಡಿದ್ರು. ಗುರುಗಳು ಕಮ್ಮಿಯಾದ್ರೆ ಒಳನಾಡಿನ ಊರುಗಳಿಗೆ ಪೂಜೆ ಅಪರೂಪ ಆಗ್ತದೆ. ಪೂಜೆಗೆ ಗುರುಗಳೇ ಬೇಕು. ಆದರೆ ಜಪಸರ ಹೇಳಿಸೋಕೆ, ಮಗುವಿಗೆ ಶಿಲುಬೆ ಗುರುತು ಹಾಕೋದು ಕಲಿಸೋಕೆ ಗುರುಗಳು ಬೇಕಾಗಿಲ್ಲ. ಸಾವಿನ ಹೊತ್ತಿಗೆ ಪ್ರಾರ್ಥನೆ ಹೇಳೋಕೂ ಬೇಕಾಗಿಲ್ಲ. ತುರ್ತು ಇದ್ದರೆ ಜ್ಞಾನಸ್ನಾನವನ್ನೂ ಯಾರಾದ್ರೂ ಕೊಡಬಹುದು. ಹಾಗಾಗಿ ಮಿಷನ್ ಊರುಗಳಲ್ಲಿ ಎರಡು ಜನ ಗಟ್ಟಿ: ಉಪದೇಶಿ ಮತ್ತು ಮನೆಯ ಅಜ್ಜಿ. ಇವರ ಹೆಸರು ದಾಖಲೆಯಲ್ಲಿ ಸಿಗೋದು ಕಷ್ಟ. ಕಾಮರ್ಸ್ ಓದಿದವರಿಗೆ ಗೊತ್ತು, ನಿನ್ನೆಯ ಅಖೈರು ಶಿಲ್ಕೇ ಇವತ್ತಿನ ಆರಂಭದ ಶಿಲ್ಕು. ಧರ್ಮಪಾಠದಲ್ಲೂ ಹಂಗೇ. ಆ ಶಿಲ್ಕನ್ನ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟಿಸಿದ್ದು ಇಂಥವರು.

ಇನ್ನು ಬಾಗಲಕೋಟೆ, ಬಾದಾಮಿ ಕಡೆ ಬರೋಣ. 1880ರ ದಶಕದಲ್ಲಿ ಗದಗ–ಹೊಟಗಿ ರೈಲು ದಾರಿ ಬಾದಾಮಿ, ಬಾಗಲಕೋಟೆ ಹಾದು ಹೋಯ್ತು. ಹುಬ್ಬಳ್ಳಿ, ಗದಗಿನಂಥ ರೈಲು ಊರುಗಳಿಗೆ ಗೋವಾದವರು, ತಮಿಳರು, ಆಂಗ್ಲೋ-ಇಂಡಿಯನ್ನರು ಕೆಲಸಕ್ಕೆ ಬಂದ್ರು. ಅವರಲ್ಲಿ ಕಥೋಲಿಕರು ಬಹಳ. ಈ ಮಕ್ಕಳ ಪಾಡು ಯೋಚಿಸ್ರಿ. ಮನೆಯಲ್ಲಿ ಕೊಂಕಣಿ ಅಥವಾ ತಮಿಳು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಪೂಜೆಯಲ್ಲಿ ಲ್ಯಾಟಿನ್. ಯಾವ ಭಾಷೆಯಲ್ಲಿ ಪಾಪ ನಿವೇದನೆ ಮಾಡ್ಬೇಕು ಅಂತ ಮಗುವಿಗೆ ಗೊಂದಲ ಆಗದೇ ಇರ್ತದಾ?

ಪಕ್ಕದಲ್ಲೇ ಇನ್ನೊಂದು ಪ್ರಯೋಗ ನಡೀತಿತ್ತು. ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲಿ ಠಾಣೆ ಹೂಡಿತ್ತು. ಇವರು ಪ್ರೊಟೆಸ್ಟಂಟರು. ಕನ್ನಡ ಬೈಬಲ್, ಕನ್ನಡ ಹಾಡು, ಕನ್ನಡ ಶಾಲೆ, ಎಲ್ಲಕ್ಕೂ ಅಚ್ಚಿನ ಪುಸ್ತಕ. ಕಥೋಲಿಕರ ಕಡೆ ಬಾಯಿಪಾಠದ ಬಲ, ಇವರ ಕಡೆ ಓದಿನ ಬಲ. 1914ರ ಮಹಾಯುದ್ಧ ಇಬ್ಬರಿಗೂ ಒಂದೇ ಪಾಠ ಕಲಿಸ್ತು. ಬಾಸೆಲ್ ಮಿಷನ್ನಿನ ಜರ್ಮನರೂ, ಪುಣೆ ಧರ್ಮಪ್ರಾಂತ್ಯದ ಜರ್ಮನ್ ಜೆಸ್ವಿಟ್ ಗುರುಗಳೂ ಬ್ರಿಟಿಷರಿಗೆ ಶತ್ರು ದೇಶದವರಾದ್ರು. ಬಂಧನ ಆಯ್ತು, ದೇಶ ಬಿಡಿಸಿದ್ರು. ಹೊರಗಿನವರ ಮೇಲೆ ನಿಂತ ಪಾಠ ಹೊರಗಿನ ಗಾಳಿಗೆ ಅಲ್ಲಾಡ್ತದೆ ಅನ್ನೋದು ಇದರ ತಾತ್ಪರ್ಯ.

ಇಪ್ಪತ್ತನೇ ಶತಮಾನದಲ್ಲಿ ರೋಮ್‌ನಿಂದ ಮೂರು ಬದಲಾವಣೆ ಬಂದ್ವು. 1905ರಲ್ಲಿ ಹತ್ತನೇ ಪಿಯುಸ್, ವರ್ಷಪೂರ್ತಿ ಪ್ರತಿ ಭಾನುವಾರ ಒಂದು ತಾಸು ಮಕ್ಕಳಿಗೆ ಕ್ಯಾಟಿಕಿಸಂ ಆಗಲೇಬೇಕು ಅಂದ್ರು. 1910ರಲ್ಲಿ ಅವರೇ, ಏಳು ವರ್ಷದ ಆಸುಪಾಸಿನಲ್ಲಿ ತಿಳಿವಳಿಕೆ ಬಂದ ಮಗುವಿಗೆ ಪರಮಪ್ರಸಾದ ಕೊಡಬಹುದು ಅಂದ್ರು. ಮೂರನೇದು ಎರಡನೇ ವ್ಯಾಟಿಕನ್ ಮಹಾಸಭೆ, 1962ರಿಂದ 65. ಅದಾದ ಮೇಲೆ ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂತು. ಈ ನಡುವೆ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿತ್ತು. ಬಾಗಲಕೋಟೆ ಸೀಮೆ ಅದರ ಮಡಿಲಿಗೆ ಬಂತು. ಭಾನುವಾರ ಕಲಿತದ್ದನ್ನೇ ಮಗು ಪೀಠದ ಮುಂದೆಯೂ ಅದೇ ಭಾಷೆಯಲ್ಲಿ ಕೇಳಿಸಿಕೊಳ್ಳೋ ಹಂಗಾಯ್ತು.

ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನ ಬಿಡಿಸಿ ಮುಂದೆ ಹೋಗೋಣ. ‘ಕಾನ್ವೆಂಟಿನಲ್ಲಿ ಎಲ್ಲಾ ಹುಡುಗರಿಗೂ ಇದನ್ನ ಕಲಿಸ್ತಾರಲ್ರಿ’ ಅಂತ ಕೆಲವರು ಅಂತಾರೆ. ಸಂವಿಧಾನದ 28ನೇ ವಿಧಿ ಓದ್ರಿ. ಪೂರ್ತಿ ಸರ್ಕಾರದ ದುಡ್ಡಿನ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಅದಕ್ಕೆ ಕೂರಿಸೋ ಹಂಗಿಲ್ಲ. ಅದಕ್ಕೇ ಕ್ರೈಸ್ತ ಶಾಲೆಗಳಲ್ಲಿ ಕ್ಯಾಟಿಕಿಸಂ ಕಥೋಲಿಕ ಮಕ್ಕಳಿಗೆ, ಉಳಿದವರಿಗೆ ನೀತಿಪಾಠ ಅನ್ನೋ ರೂಢಿ. 1559ರ ಗೋವಾಕ್ಕೂ ಇವತ್ತಿಗೂ ಇರೋ ವ್ಯತ್ಯಾಸ ಇದೇ: ಮಗುವಿನ ಮೇಲಿನ ಹಕ್ಕು ರಾಜನದಲ್ಲ, ಮನೆಯವರದು. ಮುದಗಲ್‌ನಲ್ಲಿ ಅನಿವಾರ್ಯ ಆಗಿದ್ದು ಈಗ ದೇಶದ ಕಾನೂನು.

ಹಂಗಾದ್ರೆ ಈಗಿನ ಚಿಂತೆ ಏನು? ಬಾಯಿಪಾಠದ ಬಗ್ಗೆ ಹಳೆಯ ದೂರು ಇದ್ದೇ ಇದೆ. ಉತ್ತರ ಬರ್ತದೆ, ಅರ್ಥ ಬರೋದಿಲ್ಲ ಅಂತ. ಅದು ನಿಜ. ಆದರೆ ಬಾಯಿಗೆ ಬರದ ಪ್ರಾರ್ಥನೆ ಕಷ್ಟದ ಹೊತ್ತಿಗೆ ನೆನಪಿಗೂ ಬರೋದಿಲ್ಲ, ಅದೂ ನಿಜ. ಇದಕ್ಕಿಂತ ಗಂಭೀರ ಸಂಗತಿ ಜನರ ಓಡಾಟ. ಈ ಸೀಮೆಯಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಮೆಗೆ ಗುಳೆ ಹೋಗೋರು ಎಲ್ಲಾ ಜಾತಿ-ಧರ್ಮದಲ್ಲೂ ಇದ್ದಾರೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಓಣಿಗಳೇ ನವನಗರಕ್ಕೆ ಎದ್ದು ಹೋದ್ವು. ಹತ್ತೇ ಮನೆ ಇರೋ ಸಮುದಾಯದಿಂದ ಮೂರು ಮನೆ ಹೋದ್ರೆ ಭಾನುವಾರದ ತರಗತಿಯಲ್ಲಿ ಮಕ್ಕಳೇ ಇರೋದಿಲ್ಲ. ಊರು ಬಿಟ್ಟ ಮಗು ಹೊಸ ಊರಲ್ಲಿ ಕೊಂಕಣಿ ಪೂಜೆ, ಇಂಗ್ಲಿಷ್ ಕ್ಯಾಟಿಕಿಸಂ ನಡುವೆ ತನ್ನ ಕನ್ನಡದ ಪ್ರಾರ್ಥನೆಯನ್ನ ಎಲ್ಲಿ ಇಡಬೇಕು?

2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಯನ್ನ ಚರ್ಚಿನ ಅಧಿಕೃತ ಸೇವೆ ಅಂತ ಸಾರಿದ್ರು. ಗುರುಗಳಲ್ಲದ, ಸಿಸ್ಟರ್ ಅಲ್ಲದ ಸಾಮಾನ್ಯ ಗಂಡಸು-ಹೆಂಗಸರಿಗೆ ಸಿಕ್ಕ ಗುರುತು ಇದು. ನಮ್ಮ ಸೀಮೆಯ ಇತಿಹಾಸ ನೋಡಿದ್ರೆ ತಡವಾಗಿ ಸಿಕ್ಕ ಗೌರವ ಅನ್ನಿಸ್ತದೆ. ಅರಸರು ಬದಲಾದ್ರು, ಸಂಘಗಳು ರದ್ದಾದ್ವು, ಗುರುಗಳು ಬಂದ್ರು ಹೋದ್ರು. ಪಾಠ ಉಳಿದದ್ದು ಮಗುವಿನ ಭಾಷೆ ಬಲ್ಲ, ಮಗುವಿನ ಓಣಿಯಲ್ಲೇ ಇರೋ ಒಬ್ಬರು ಸಿಕ್ಕಾಗ.

ಕೇಳುಗರಿಗೆ ಒಂದು ಕೆಲಸ ಕೊಡ್ತೀನಿ. ನೀವು ಯಾವ ಧರ್ಮದವರೇ ಇರ್ರಿ. ನಿಮ್ಮ ಮನೆಯ ಅಜ್ಜ-ಅಜ್ಜಿ ಮಕ್ಕಳಿಗೆ ಹೇಳಿಕೊಡೋ ಪ್ರಾರ್ಥನೆಯೋ, ವಚನವೋ, ದುಆನೋ ಇದ್ರೆ ಅವರನ್ನ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಎಲ್ಲಿ ಕಲಿತ್ರಿ, ಯಾರು ಕಲಿಸಿದ್ರು ಅಂತಾನೂ ಕೇಳ್ರಿ. ಆ ಒಂದು ಹೆಸರು ಯಾವ ಗೆಜೆಟಿಯರ್‌ನಲ್ಲೂ ಸಿಗೋದಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ, ಶರಣ್ರಿ.