ತುಘಲಕ್ ದರ್ಬಾರಿಗೆ ಕಳ್ಳನನ್ನ ಬಿಟ್ಟೋರು ಯಾರು?

ಆಫೀಸಲ್ಲಿ ಬಾಸ್ ಬೆಳಿಗ್ಗೆ ಒಂದು ರೂಲ್ ಮಾಡಿ ಸಂಜೆ ಅದನ್ನ ವಾಪಸ್ ತಗೊಂಡ್ರೆ ನಾವೇನಂತೀವಿ? 'ತುಘಲಕ್ ದರ್ಬಾರ್ ಕಣೋ ಇದು' ಅಂತೀವಿ. 1325ರಿಂದ 1351ರವರೆಗೆ ದೆಹಲಿಯನ್ನು ಆಳಿದ ಮುಹಮ್ಮದ್ ಬಿನ್ ತುಘಲಕ್ ನಮ್ಮ ಬಾಯಲ್ಲಿ ಇನ್ನೂ ಬದುಕಿದ್ದಾನೆ. ರಾಜಧಾನಿಯನ್ನ ದೆಹಲಿಯಿಂದ ದೌಲತಾಬಾದಿಗೆ ಎತ್ತಿಕೊಂಡು ಹೋದವನು, ಬೆಳ್ಳಿ ನಾಣ್ಯದ ಬೆಲೆಗೆ ತಾಮ್ರದ ನಾಣ್ಯ ಚಲಾವಣೆಗೆ ತಂದವನು. ಮನೆಮನೆಯಲ್ಲೂ ಖೋಟಾ ನಾಣ್ಯ ಹುಟ್ಟಿಕೊಂಡು ಆ ಯೋಜನೆ ಮುಳುಗಿಹೋಯ್ತು.

ಇವತ್ತಿನ ಕಂತು ಸುಲ್ತಾನನ ಬಗ್ಗೆ ಅಲ್ಲ. ಗಿರೀಶ ಕಾರ್ನಾಡರ 'ತುಘಲಕ್' ನಾಟಕದಲ್ಲಿ ಬರುವ ಇಬ್ಬರು ಕಳ್ಳರ ಬಗ್ಗೆ. ಅವರಲ್ಲಿ ಒಬ್ಬನ ಪಾತ್ರವನ್ನ ನಾನೇ ಮಾಡಿದ್ದೆ.

ನಾಟಕ ಶಾಲೆಯಲ್ಲಿ ಓದ್ತಿದ್ದಾಗಿನ ಮಾತು. ವರ್ಷದ ದೊಡ್ಡ ನಾಟಕ 'ತುಘಲಕ್' ಅಂತ ಗೊತ್ತಾದ ದಿನದಿಂದ ಸುಲ್ತಾನನ ಪಾತ್ರ ನಂದೇ ಅಂದ್ಕೊಂಡು ಅಷ್ಟೂ ಮಾತು ಬಾಯಿಪಾಠ ಮಾಡಿದ್ದೆ. ಕೊನೆಗೆ ಬೋರ್ಡಿನ ಮೇಲೆ ಪಟ್ಟಿ ಬಿತ್ತು. ನನ್ನ ಹೆಸರಿನ ಮುಂದೆ 'ಆಜಮ್' ಅಂತಿತ್ತು. ಜೇಬುಗಳ್ಳ. ಇನ್ನೊಬ್ಬ ಕಳ್ಳ ಅಜೀಜ್ ಆದ್ರೂ ಬುದ್ಧಿವಂತ, ನಾಟಕದ ಉದ್ದಕ್ಕೂ ಆಟ ಆಡಿಸ್ತಾನೆ. ಆಜಮ್ ಅವನ ಹಿಂದೆ ಚೀಲ ಹೊತ್ಕೊಂಡು ಓಡಾಡೋನು.

ಆ ರಾತ್ರಿ ಮನೆಗೆ ಫೋನ್ ಮಾಡ್ದೆ. ತಾತ ಎತ್ತಿಕೊಂಡರು. ತಾತ ಹುಡುಗನಾಗಿದ್ದಾಗ ಕೆಲವು ವರ್ಷ ಒಂದು ನಾಟಕ ಕಂಪನಿಯಲ್ಲಿದ್ದವರು. ಪಾತ್ರ ಮಾಡೋಕಲ್ಲ, ಪರದೆಯ ಹಗ್ಗ ಎಳೆಯೋಕೆ. ನನ್ನ ಗೋಳೆಲ್ಲ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. "ಬೀದಿ ಸೀನಾ, ದರ್ಬಾರ್ ಸೀನಾ?"

ಬೀದಿ ಸೀನು ಅಂದೆ. "ಹಂಗಾದ್ರೆ ಕಷ್ಟದ ಪಾತ್ರ ಬಿಡು" ಅಂದ್ರು. ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊಂಡೆ.

ಈ ಬೀದಿ ಸೀನು ಅಂದ್ರೇನು ಅಂತ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಬಹಳ ಜನ ಕಂಪನಿ ನಾಟಕವನ್ನ ಜಾತ್ರೆಯ ಪೋಸ್ಟರಿನಲ್ಲಿ ಮಾತ್ರ ನೋಡಿರೋದು. ಪಾರ್ಸಿ ಕಂಪನಿಗಳಿಂದ ಬಂದು ಕನ್ನಡ, ಮರಾಠಿ ಕಂಪನಿಗಳಲ್ಲಿ ಬೇರುಬಿಟ್ಟ ಪದ್ಧತಿ ಅದು. ರಂಗದ ಹಿಂಭಾಗದಲ್ಲಿ ಅರಮನೆ, ದರ್ಬಾರು, ಉದ್ಯಾನ. ಸಿಂಹಾಸನ ಎತ್ತಿ ಹೂದೋಟ ಇಡೋಕೆ ಹೊತ್ತು ಹಿಡಿಯುತ್ತೆ. ಅಷ್ಟು ಹೊತ್ತು ಜನ ಸುಮ್ನೆ ಕೂರ್ತಾರಾ? ಅದಕ್ಕೆ ಮುಂದೆ ಒಂದು ಬೀದಿಯ ಚಿತ್ರ ಬರೆದ ಪರದೆ ಇಳಿಸೋದು. ಆ ಪರದೆ ಮುಂದಿನ ನಾಲ್ಕಡಿ ಜಾಗದಲ್ಲಿ ಹಾಸ್ಯದ ಪಾತ್ರಗಳು ಬಂದು ನಗಿಸೋದು. ಆಳು, ಕಳ್ಳ, ಜಗಳಗಂಟ ಗಂಡ ಹೆಂಡ್ತಿ, ಇಂಥವರು. ಹಿಂದೆ ಸಾಮಾನು ಜೋಡಿಸೋ ಸದ್ದು ನಗೆಯಲ್ಲಿ ಮುಚ್ಚಿಹೋಗ್ಬೇಕು. ಸೀನು ರೆಡಿ ಆಗಿಲ್ಲ ಅಂತ ಒಳಗಿಂದ ಸನ್ನೆ ಬಂದ್ರೆ ಹಾಸ್ಯಗಾರ ಇನ್ನೂ ಎಳೀಬೇಕು. ತಾತ ಕಷ್ಟ ಅಂದಿದ್ದು ಇದನ್ನ.

ಇಲ್ಲಿ ಎರಡು ಲೋಕ. ಹಿಂದೆ ರಾಜರು, ಮುಂದೆ ಬೀದಿಯ ಜನ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗೋ ಹಾಗಿಲ್ಲ.

ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಇಂಥ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ನೋಡಿ ಬೆಳೆದವರು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕ ಇಲ್ಲ ಅಂತ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಂದ ಮಾತು ಅವರ ತಲೆ ಹೊಕ್ಕಿತ್ತು. ಈಶ್ವರಿ ಪ್ರಸಾದರ ಇತಿಹಾಸದ ಪುಸ್ತಕ ಓದ್ತಾ ತುಘಲಕ್ ಸಿಕ್ಕ. 1964ರಲ್ಲಿ ನಾಟಕ ಬಂದಾಗ ಕಾರ್ನಾಡರಿಗೆ 26 ವರ್ಷ. ಹದಿಮೂರು ದೃಶ್ಯ. ಕಟ್ಟೋಕೆ ಹೊರಟಾಗ ಕೈಗೆ ಸಿಕ್ಕ ಅಳತೆಕೋಲು ಶಿರಸಿಯಲ್ಲಿ ನೋಡಿದ್ದ ಆ ಬೀದಿ ಪರದೆಯೇ. ಮೊದಲ ದೃಶ್ಯ ದೆಹಲಿಯ ಮಸೀದಿ ಮುಂದಿನ ಬೀದಿ, ಎರಡನೇದು ಅರಮನೆ. ಲೆಕ್ಕ ಸರಿಯಾಗಿ ಶುರುವಾಗುತ್ತೆ.

ಆದ್ರೆ ಬರೀತಾ ಬರೀತಾ ಈ ಲೆಕ್ಕ ತಪ್ಪಿತು ಅಂತ ಅವರೇ ಮುಂದೆ ತಮ್ಮ ನಾಟಕಗಳ ಇಂಗ್ಲಿಷ್ ಸಂಪುಟದ ಪ್ರಸ್ತಾವನೆಯಲ್ಲಿ ಹೇಳ್ಕೊಂಡಿದ್ದಾರೆ. ದೇಶದ ಸಾಮಾನ್ಯ ಜನ ಮೊದಲ ಸಲ ಓಟು ಹಾಕಿ ಸರ್ಕಾರ ಮಾಡ್ತಿದ್ದ ಕಾಲ ಅದು. ನಗಿಸಿ ಹೋಗ್ಬೇಕಾದ ಬೀದಿ ಸೀನುಗಳು ಹಿಡಿತಕ್ಕೆ ಸಿಗದಷ್ಟು ಉಬ್ಬಿಕೊಂಡವು.

ರಿಹರ್ಸಲ್‌ನಲ್ಲಿ ನನಗೆ ಇದು ಅರ್ಥವಾಗಿದ್ದು ದೌಲತಾಬಾದಿನ ದಾರಿಯ ಶಿಬಿರದ ದೃಶ್ಯದಲ್ಲಿ. ಅಜೀಜ್ ಅಷ್ಟೊತ್ತಿಗೆ ಸರ್ಕಾರಿ ಅಧಿಕಾರಿ. ಹೇಗೆ ಅಂದ್ರೆ, ಮೊದಲ ದೃಶ್ಯದಲ್ಲೇ ಅವನು ಬ್ರಾಹ್ಮಣನ ವೇಷ ಹಾಕಿ, ತನ್ನ ಜಮೀನು ಕಿತ್ತುಕೊಂಡಿದ್ದಾರೆ ಅಂತ ಸುಲ್ತಾನನ ಮೇಲೇ ಕೇಸು ಹಾಕಿ ಗೆದ್ದಿರ್ತಾನೆ. ಪರಿಹಾರದ ಜೊತೆ ಕೆಲಸವೂ ಸಿಕ್ಕಿರುತ್ತೆ. ಸುಲ್ತಾನನ ನ್ಯಾಯದ ಆದರ್ಶವನ್ನೇ ದುಡಿಸಿಕೊಂಡ ಅಗಸ ಅವನು. ಶಿಬಿರದಲ್ಲಿ ಒಬ್ಬ ತಾಯಿ ಸಾಯ್ತಿರೋ ಮಗೂನ ಎತ್ಕೊಂಡು ಬರ್ತಾಳೆ. ಹಕೀಮನ ಹತ್ರ ಹೋಗೋಕೆ ಬಿಡಿ ಅಂತಾಳೆ. ಅಜೀಜ್ ಲಂಚ ಕೇಳ್ತಾನೆ. ಅವಳ ಹತ್ರ ಇಲ್ಲ.

ಮೊದಲ ಹದಿನೈದು ದಿನ ನಾವು ಅದನ್ನ ಶುದ್ಧ ಕಾಮಿಡಿ ಮಾಡಿ ಹಾಕಿದ್ವಿ. ಅಜೀಜ್ ಮಾಡ್ತಿದ್ದ ಗೆಳೆಯ ಕಿಲಾಡಿ, ಮಾತು ಬಿಟ್ರೆ ನಗು ಗ್ಯಾರಂಟಿ. ನಾನೂ ಪಕ್ಕದಲ್ಲಿ ಹಲ್ಲು ಕಿರೀತಿದ್ದೆ. ಒಂದಿನ ನಿರ್ದೇಶಕರು ನಿಲ್ಲಿಸಿ, "ಆಜಮ್ ಯಾವ ಮಾತಿಗೆ ನಗೋದು ನಿಲ್ಲಿಸ್ತಾನೆ, ಹುಡುಕ್ಕೊಂಡು ಬಾ" ಅಂದ್ರು. ಉತ್ತರ ಅವರೂ ಹೇಳಲಿಲ್ಲ.

ರಾತ್ರಿ ಪುಸ್ತಕ ಇಟ್ಕೊಂಡು ಕೂತೆ. ಇಡೀ ದೃಶ್ಯದಲ್ಲಿ ಆ ಹೆಂಗಸಿನ ಪರ ಮಾತಾಡೋನು ಈ ಜೇಬುಗಳ್ಳ ಒಬ್ಬನೇ. ಅವಳನ್ನ ಬಿಟ್ಟುಬಿಡು ಅಂತ ಗೋಗರೀತಾನೆ. ಸುಲ್ತಾನನ ಮಾತು ಬಾಯಿಪಾಠ ಮಾಡೋವಾಗ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ನಿಜ ಹೇಳ್ತೀನಿ.

ಮಾರನೇ ದಿನದಿಂದ ನಾನು ಮೊದಲು ನಗು ನಿಲ್ಲಿಸ್ತಿದ್ದೆ. ಪ್ರೇಕ್ಷಕರು ಇನ್ನೂ ನಗ್ತಾ ಇರ್ಬೇಕು. ಆಮೇಲೆ ಅವರಿಗೆ ತಾವು ಯಾವುದಕ್ಕೆ ನಗ್ತಿದ್ದೀವಿ ಅಂತ ಗೊತ್ತಾಗ್ಬೇಕು. ಒಂದು ಕ್ಷಣ ಬೇಗ ನಿಲ್ಲಿಸಿದ್ರೆ ಉಪದೇಶ, ತಡ ಮಾಡಿದ್ರೆ ಕ್ರೌರ್ಯ.

ಕಳ್ಳನ ಪಾತ್ರಕ್ಕೆ ನಮ್ಮಲ್ಲಿ ದೊಡ್ಡ ವಂಶಾವಳಿಯೇ ಇದೆ. ಗುಬ್ಬಿ ವೀರಣ್ಣ ಅಂದ್ರೆ ಹಳಬರಿಗೆ ನೆನಪಾಗೋದು 'ಸದಾರಮೆ'ಯ ಕಳ್ಳ. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ಆನೆ, ಕುದುರೆ ತಂದ ಕಂಪನಿಯ ಮಾಲೀಕರು ತಮಗಾಗಿ ಇಟ್ಕೊಂಡಿದ್ದು ರಾಜನ ಪಾತ್ರ ಅಲ್ಲ, ಹಾಸ್ಯದ್ದು! ಮನೆ ಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದ ದಕ್ಷಿಣ ಕನ್ನಡದ ಒಬ್ಬ ಹುಡುಗನನ್ನ ವೀರಣ್ಣನವರು ಮುಂದೆ ಓದೋಕೆ ಬನಾರಸ್ಸಿಗೆ ಕಳಿಸಿದ್ರು. ಆ ಹುಡುಗ ಬಿ.ವಿ. ಕಾರಂತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 'ತುಘಲಕ್' ಅನ್ನು ಹಿಂದುಸ್ತಾನಿಗೆ ಅನುವಾದಿಸಿದವರು ಇವರೇ. ಬೀದಿ ಪರದೆಯ ಕಳ್ಳ ಹೀಗೆ ಕಂಪನಿಯ ಹುಡುಗನ ಕೈ ಹಿಡ್ಕೊಂಡೇ ದೆಹಲಿ ತಲುಪಿದ.

1970ರ ದಶಕದ ಆರಂಭದಲ್ಲಿ ಇಬ್ರಾಹಿಂ ಅಲ್ಕಾಜಿ ಇದನ್ನ ದೆಹಲಿಯ ಪುರಾನಾ ಕಿಲಾದ ಬಯಲಲ್ಲಿ ಆಡಿಸಿದ್ರು. ಸುಲ್ತಾನ ಮನೋಹರ್ ಸಿಂಗ್, ಅದೇ ಶಾಲೆಯಲ್ಲಿ ಕಲಿತ ನಟ. ಆ ಕಿಲಾ ಕಟ್ಟಿದ್ದು ತುಘಲಕ್ ಸತ್ತು ಸುಮಾರು ಇನ್ನೂರು ವರ್ಷದ ಮೇಲೆ, ಆದ್ರೂ ಕಲ್ಲಿನ ಗೋಡೆ ಕಲ್ಲಿನ ಗೋಡೆಯೇ. ಅಲ್ಲಿ ಇಳಿಸೋಕೆ ಪರದೆಯೇ ಇಲ್ಲ. ಕನ್ನಡದಲ್ಲಿ ಸಿ.ಆರ್. ಸಿಂಹ ಸುಲ್ತಾನನಾಗಿ ಹೆಸರು ಮಾಡಿದ್ರು, ಮುಂಬೈಯಲ್ಲಿ ಅಲೀಕ್ ಪದಮ್ಸೀ ಇಂಗ್ಲಿಷಿನಲ್ಲಿ ಆಡಿಸಿದ್ರು. ಎಲ್ಲರ ನೆನಪಲ್ಲೂ ಸುಲ್ತಾನನೇ. ನಾಟಕ ಬಂದ ವರ್ಷವೇ ನೆಹರೂ ತೀರಿಕೊಂಡಿದ್ರಿಂದ, ಆ ಯುಗದ ಕನಸು ಒಡೆದದ್ದನ್ನ ಇದರಲ್ಲಿ ಕಂಡವರು ಬಹಳ. ಯು.ಆರ್. ಅನಂತಮೂರ್ತಿಯವರ ಪ್ರಸಿದ್ಧ ಮುನ್ನುಡಿಯೂ ಇದೆ. ಅದು ತಪ್ಪಲ್ಲ. ಆದ್ರೆ ಆ ಓದು ಸಿಂಹಾಸನದ ಕಡೆ ಮುಖ ಮಾಡಿ ನಿಂತಿದೆ. ಆಜಮ್ ನಿಂತ ಜಾಗದಿಂದ ನೋಡಿದ್ರೆ ಕಾಣೋದು ಜನ. ದೊರೆಯ ಆದರ್ಶದಲ್ಲಿ ತೂತು ಹುಡುಕೋಕೆ ಬೇಗ ಕಲಿತ ಜನ, ಅದರ ಕೆಳಗೆ ಸತ್ತ ಮಗು.

ನಮ್ಮ ಎರಡನೇ ಪ್ರದರ್ಶನಕ್ಕೆ ತಾತ ಬಂದ್ರು. ಶಿಬಿರದ ದೃಶ್ಯದಲ್ಲಿ ನಗು ಎಲ್ಲಿ ನಿಲ್ಬೇಕಿತ್ತೋ ಅಲ್ಲಿ ನಿಂತಿತು, ಅದೊಂದು ರಾತ್ರಿ. ಮೊದಲ ದಿನ ಆಗಿರಲಿಲ್ಲ, ಮೂರನೇ ದಿನವೂ ಆಗಲಿಲ್ಲ. ಕೊನೆಯ ದೃಶ್ಯದಲ್ಲಿ ಆಜಮ್ ಹೆದರಿ ಓಡಿಹೋಗಿ ಸಾಯ್ತಾನೆ, ರಂಗದ ಮೇಲಲ್ಲ, ಸುದ್ದಿ ಮಾತ್ರ ಬರುತ್ತೆ. ನಾನು ವಿಂಗಿನಲ್ಲಿ ಕೂತು ನನ್ನ ಸಾವಿನ ಸುದ್ದಿ ಕೇಳ್ತಿದ್ದೆ. ಆಚೆ ದರ್ಬಾರಿನಲ್ಲಿ ಅಜೀಜ್ ಸುಲ್ತಾನನ ಎದುರು ನಿಂತು, ನಾನೇ ನಿಮ್ಮ ನಿಜವಾದ ಶಿಷ್ಯ ಅನ್ನೋ ಥರ ವಾದ ಮಾಡ್ತಾನೆ. ಸುಲ್ತಾನ ಅವನನ್ನ ಕೊಲ್ಲಿಸೋದಿಲ್ಲ, ದಖ್ಖನಿನಲ್ಲಿ ಅಧಿಕಾರಿ ಮಾಡಿ ಕಳಿಸ್ತಾನೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದ ತಾತನ ಮುಖದಲ್ಲಿ ಸಿಟ್ಟು. "ಎಲ್ಲ ಚೆನ್ನಾಗಿತ್ತು ಕಣೋ. ಆದ್ರೆ ಬೀದಿ ಸೀನಿನೋನನ್ನ ದರ್ಬಾರ್ ಸೀನಿಗೆ ಬಿಟ್ಟೋರು ಯಾರು? ನಮ್ಮ ಕಂಪನಿಯಲ್ಲಾಗಿದ್ರೆ ಮಾಲೀಕರು ನನ್ನ ಕೆಲಸದಿಂದ ತೆಗೀತಿದ್ರು."

ಅದನ್ನ ಬೇಕಂತಲೇ ಹಾಗೆ ಬರೆದಿರೋದು ತಾತ ಅಂದೆ. ಅವರು ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅದೇ ಜಗಳ. ಬಸ್ ಹತ್ತಿ ಕಿಟಕಿ ಪಕ್ಕ ಕೂತ ಮೇಲೆ, ಹೊರಗೆ ನಿಂತಿದ್ದ ನನ್ನನ್ನ ಕರೆದು ಕೇಳಿದ್ರು: "ಆ ಮಗು ನಿಜವಾದ್ದೋ, ಬಟ್ಟೆ ಸುತ್ತಿದ್ರೋ?"

ಬಟ್ಟೆ ತಾತ, ಬರೀ ಬಟ್ಟೆ ಅಂದೆ. ಸರಿ ಅಂತ ಕಿಟಕಿ ಮುಚ್ಚಿಕೊಂಡ್ರು.