ಹೆಳವರ ಹೊತ್ತಿಗೆ ಮತ್ತು ಆದವಾನಿ ಸೀಮೆಯ ಮನೆತನಗಳ ಮೂಲ

ಆದವಾನಿ, ಆಲೂರು ಸೀಮೆಯ ಕನ್ನಡ ಮನೆತನಗಳನ್ನು ವಲಸಿಗರೆಂದು ಕರೆಯುವ ಮುನ್ನ ಕದಲಿದ್ದು ಯಾವುದೆಂದು ಕೇಳಿಕೊಳ್ಳಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡು ಕರ್ನೂಲು ಜಿಲ್ಲೆಗೆ ಸೇರಿದವು. ಅಂದು ಸರಿದದ್ದು ಗಡಿ. ಒಕ್ಕಲುಗಳು ಇದ್ದಲ್ಲೇ ಇದ್ದವು. ಅದಕ್ಕೂ ಬಹಳ ಮೊದಲು, 1876–78ರ ಧಾತು ಬರದಂಥ ಹೊತ್ತಿನಲ್ಲಿ, ನಿಜವಾಗಿ ಊರು ಬಿಟ್ಟವರ ಕಥೆ ಬೇರೆ. ಆ ಕಥೆಗಾಗಿ ನಾವು ತೆರೆಯುವ ಫ್ರಾನ್ಸಿಸ್ ಅವರ ಬಳ್ಳಾರಿ ಗೆಜೆಟಿಯರ್ (1904), ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಥರ್ಸ್ಟನ್ ಅವರ ಏಳು ಸಂಪುಟಗಳು (1909) ಜಾತಿಯನ್ನೇ ಘಟಕವಾಗಿ ಹಿಡಿದವು. ಜಾತಿಯ ಮೂಲಕಥೆಯನ್ನು ಮನೆತನದ ಚರಿತ್ರೆಯೆಂದು ಓದುವ ರೂಢಿಗೆ ಇದು ದಾರಿಯಾಯಿತು. ನನ್ನ ತಕರಾರು ಇರುವುದು ಆ ರೂಢಿಯ ಬಗ್ಗೆ.

ಮನೆತನ ಕಾಣಸಿಗುವುದು ವಂಶಾವಳಿ ಹೇಳುವ ಹೆಳವರ ಹೊತ್ತಿಗೆಯಲ್ಲಿ. ಎತ್ತಿನೊಂದಿಗೆ ಕೆಲವು ವರ್ಷಗಳಿಗೊಮ್ಮೆ ಬರುವ ಹೆಳವ ಅಂಗಳದಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತಾನೆ. ಅಣ್ಣತಮ್ಮಂದಿರು ಎಲ್ಲಿ ಪಾಲಾದರು, ಯಾವ ಕವಲು ಯಾವ ಊರಿಗೆ ಹೋಯಿತು ಎನ್ನುತ್ತಾನೆ. ಹೊಸದಾಗಿ ಹುಟ್ಟಿದ ಮಕ್ಕಳನ್ನು ಬರೆದುಕೊಂಡು, ದವಸ ಪಡೆದು ಮುಂದೆ ಸಾಗುತ್ತಾನೆ. ತೆಲುಗು ಮನೆಗಳಿಗೆ ಪಿಚ್ಚಗುಂಟ್ಲವರು ಇದೇ ಕೆಲಸ ಮಾಡುವವರು. ದಾನಕ್ಕಾಗಿ ಹಾಡುವವನ ಮಾತಿನಲ್ಲಿ ಹೊಗಳಿಕೆಯಲ್ಲದೆ ಚರಿತ್ರೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಹೊಗಳಿಕೆ ತುಂಬಿಕೊಳ್ಳುವುದು ವಂಶಾವಳಿಯ ಬುಡದಲ್ಲಿ, ಕೇಳುವವರಾರಿಗೂ ನೆನಪಿಲ್ಲದ ಮೂಲಪುರುಷನ ಸುತ್ತ. ಈಚಿನ ಮೂರ್ನಾಲ್ಕು ತಲೆಮಾರಿಗೆ ಬಂದಾಗ ಜಗುಲಿಯ ಮೇಲೆ ಕುಳಿತ ಮುದುಕಿಯೇ ತಪ್ಪು ಹಿಡಿಯಬಲ್ಲಳು. ಅದೇ ಹೊತ್ತಿಗೆಯನ್ನು ಮತ್ತೊಂದೂರಿನ ದಾಯಾದಿಗಳ ಮುಂದೆಯೂ ಬಿಚ್ಚಬೇಕಾದ್ದರಿಂದ, ಒಂದು ಕವಲಿಗೆ ಒಪ್ಪುವಂತೆ ಪಾಲಿನ ಸಂಗತಿಯನ್ನು ತಿರುಚುವುದು ಅವನಿಗೆ ಸುಲಭವಲ್ಲ. ಹಾಗಾಗಿ ಮನೆತನವೊಂದು ಊರು ಬದಲಿಸಿದ ವಿಚಾರದಲ್ಲಿ ಹೆಳವನ ಮಾತನ್ನು ಗೆಜೆಟಿಯರಿಗಿಂತ ಮೇಲೆ ಇಡಬೇಕು ಎಂಬುದು ನನ್ನ ವಾದ. ಇದನ್ನು ಅಳೆದೇ ಹೇಳುತ್ತಿದ್ದೇನೆ: ಈಚಿನ ತಲೆಮಾರುಗಳ ಮಟ್ಟಿಗೆ, ಎರಡು ಕವಲುಗಳ ಹೇಳಿಕೆ ಕೂಡಿಬಂದಾಗ, ಅದೂ ಯಾವ ದಿಕ್ಕಿನಿಂದ ಬಂದರೆಂಬುದಕ್ಕಷ್ಟೇ, ಇಸವಿಗೆ ಅದನ್ನು ನೆಚ್ಚುವಂತಿಲ್ಲ. ಮನೆತನದ ಮೂಲ ಗುರುತಿಸಲು ಮನೆದೇವರನ್ನು ಹೆಳವನ ಮಾತಿಗೆ ಸಾಟಿಯಾದ ಸಾಕ್ಷಿಯೆಂದು ಒಪ್ಪಲಾರೆ. ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳೆಲ್ಲ ಮೈಲಾರದಿಂದ ಬಂದವಲ್ಲ. ಹರಕೆ ಹೊತ್ತು ಒಕ್ಕಲಾದವರೂ ಉಂಟು.

ಹೊತ್ತಿಗೆಯ ಕೊರತೆಯೂ ದೊಡ್ಡದು. ವಂಶಾವಳಿ ಗಂಡಸರ ಸಾಲಿನಲ್ಲಿ ಸಾಗುವುದರಿಂದ ಈಗ ಗಡಿಯಾಚೆಗಿರುವ ಸಿರುಗುಪ್ಪ, ಬಳ್ಳಾರಿ ಕಡೆಯಿಂದ ಸೊಸೆಯಾಗಿ ಬಂದವರ ತವರು ಅಲ್ಲಿ ಮರೆಗೆ ಸರಿಯುತ್ತದೆ. ಗಡಿ ಬಿದ್ದ ಮೇಲೂ ಅದನ್ನು ದಾಟುತ್ತ ಬಂದವರು ಆ ಹೆಣ್ಣುಮಕ್ಕಳೇ. ಹೆಳವರಿಗೆ ಒಕ್ಕಲಲ್ಲದ ಮನೆಗಳ ಪಾಡು ಇನ್ನೂ ಕಷ್ಟ. ಕೋಸಿಗಿ, ಮಂತ್ರಾಲಯದ ಸುತ್ತಲಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗಿಬರುವ ಕೂಲಿ ಕುಟುಂಬಗಳ ಅಲೆದಾಟವನ್ನು ಯಾವ ಹೊತ್ತಿಗೆಯಲ್ಲಿ ಹುಡುಕಬೇಕು? ಶಾಲೆಯ ದಾಖಲಾತಿ ಪುಸ್ತಕ, ರೇಷನ್ ಕಾರ್ಡು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಲೆಕ್ಕದ ಚೀಟಿ ಇವು ಎಷ್ಟರ ಮಟ್ಟಿಗೆ ಒದಗಿಬರುತ್ತವೆ ಎಂಬುದನ್ನು ಇನ್ನು ನೋಡಬೇಕಾಗಿದೆ.